ಭಾರದ ಗೋಡೆ

ಸೂರಿನ ಬಿರುಕು ಪೆನ್ಸಿಲ್ ಗೆರೆಯನ್ನು ದಾಟಿತ್ತು. ದಾಟಿದ್ದು ಒಂದು ಅಕ್ಕಿಕಾಳಿನಷ್ಟು, ಹೆಚ್ಚೇನಲ್ಲ. ಆದರೂ ತಿಮ್ಮರಾಜು ಸ್ಟೂಲಿನ ಮೇಲೆ ನಿಂತು, ಕತ್ತು ಹಿಂದಕ್ಕೆ ಚೆಲ್ಲಿ, ಮೊಬೈಲಿನ ಬೆಳಕು ಹಿಡಿದು ಆ ಅಕ್ಕಿಕಾಳನ್ನೇ ನೋಡುತ್ತ ಉಳಿದುಬಿಟ್ಟ. ನಿನ್ನೆ ಬೆಳಗ್ಗೆ ಬಿರುಕಿನ ತುದಿಗೆ ಸರಿಯಾಗಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದವನು ಅವನೇ. ಬರೆಯುವಾಗ, ಇದು ಗಿಲಾವಿನ ಬಿರುಕು, ಇಲ್ಲಿಗೇ ನಿಲ್ಲುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಮೊನ್ನೆಯ ಗೆರೆಗೂ ಹಾಗೇ ಹೇಳಿದ್ದ. ಬಿರುಕಿನ ಕೆಳಗೆ ಅವ್ವನ ಮಂಚ. ಸೊಂಟದ ಮೂಳೆ ಮುರಿದು, ಆಪರೇಷನ್ನಾಗಿ, ಹೊರಳಲೂ ಇನ್ನೊಬ್ಬರ ಕೈ ಬೇಕಾದ ಪುಟ್ಟಗೌರಮ್ಮ ಕಣ್ಣು ಬಿಟ್ಟುಕೊಂಡು ಮಗನ ಹಿಮ್ಮಡಿಗಳನ್ನು ನೋಡುತ್ತಿದ್ದಳು. "ಏನ್ಲಾ ಅದು, ದಿನಾ ಬೆಳಗಾದ್ರೆ ಸ್ಟೂಲ್ ಅತ್ತೀಯ?" ಎಂದಳು. "ಜೇಡರ ಬಲೆ ಕಣವ್ವ," ಎಂದ ತಿಮ್ಮರಾಜು. ಒಲೆಯ ಮುಂದಿದ್ದ ರಂಜಿತ ತಲೆಯೆತ್ತಿ ಗಂಡನನ್ನು ನೋಡಿದಳು. ಮೊದಲಾಗಿದ್ದರೆ ನಡುವೆ ಗೋಡೆಯಿತ್ತು. ಈಗ ಅಡುಗೆಮನೆಯಲ್ಲಿ ನಿಂತವರಿಗೆ ನಡುಮನೆಯಲ್ಲಿ ಹೇಳಿದ ಸುಳ್ಳೆಲ್ಲ ಕಾಣುತ್ತಿತ್ತು.

ಗೋಡೆ ಹೋಗಿ ಹನ್ನೊಂದು ದಿನವಾಗಿತ್ತು. ಅವ್ವನ ಮಂಚ ನಡುಮನೆಯಲ್ಲಿರಬೇಕು, ಗಾಲಿಕುರ್ಚಿ ತಿರುಗಬೇಕು, ಹಿತ್ತಲ ಬಚ್ಚಲಿನ ಬದಲು ಒಳಗೇ ಒಂದು ಬಚ್ಚಲಾಗಬೇಕು. ಅದಕ್ಕೆ ನಡುಮನೆಗೂ ಅಡುಗೆಮನೆಗೂ ನಡುವಿನ ಗೋಡೆ ತೆಗೆದರೆ ಜಾಗವಾಗುತ್ತದೆ ಎಂದು ಶುರುವಾದ ಕೆಲಸ. ಮನೆ ಕಟ್ಟಿ ನೋಡು ಅಂದ ಹಿರಿಯರು ಗೋಡೆ ಕೆಡವಿ ನೋಡು ಅಂತ ಯಾಕೆ ಹೇಳಲಿಲ್ಲವೋ. ಕೆಡವಿದವನು ರಂಜಿತಳ ಅಣ್ಣ ಚಿಕ್ಕಸ್ವಾಮಿ. ಎರಡೇ ದಿನ, ಇಬ್ಬರು ಆಳು, ಒಂದು ದೊಡ್ಡ ಸುತ್ತಿಗೆ. "ಇದು ಬರೀ ಅಡ್ಡಗೋಡೆ ಕಣ್ ಬಾವ. ಸೂರಿಗೂ ಇದ್ಕೂ ಏನ್ ಸಂಬಂಧ?" ಅಂದಿದ್ದ. ಅದಕ್ಕೆ ವಾರದ ಮೊದಲು ಇನ್ನೊಬ್ಬ ಗಾರೆ ಮೇಸ್ತ್ರಿ ಅದೇ ಗೋಡೆಗೆ ಅಂಗೈ ಇಟ್ಟು, ಕಿವಿಯಿಟ್ಟು ತಟ್ಟಿ ನೋಡಿ, "ಸಾರ್, ಇದು ಭಾರದ ಗೋಡೆ. ಮೇಲಿನ ಕಾಂಕ್ರೀಟ್ ಮೋಲ್ಡು ಇದರ ಮೇಲೆ ಕೂತಿದೆ. ಕಬ್ಬಿಣದ ತೊಲೆ ಕೊಡದೆ ಒಂದು ಇಟ್ಟಿಗೆ ತೆಗೆಯೋ ಹಾಗಿಲ್ಲ," ಅಂದಿದ್ದ. ಆ ಮಾತು ತಿಮ್ಮರಾಜುವಿಗೆ ನೆನಪಿತ್ತು. ನೆನಪಿಟ್ಟುಕೊಂಡೇ ಅವನು ಚಿಕ್ಕಸ್ವಾಮಿಯ ಆಳುಗಳಿಗೆ ಟೀ ತಂದುಕೊಟ್ಟಿದ್ದ.

ಡೈರಿಯ ಮುಂದೆ ಆಗಲೇ ಕ್ಯಾನುಗಳ ಸಾಲು. ತೊಣ್ಣೂರು ಕೆರೆಯ ಕಡೆಯಿಂದ ಬರುವ ತಣ್ಣನೆ ಗಾಳಿಗೆ ಹೆಂಗಸರು ಸೆರಗು ಹೊದ್ದು ನಿಂತಿದ್ದರು. ಹತ್ತೊಂಬತ್ತು ವರ್ಷದಿಂದ ಈ ಹಾಲಿನ ಸಂಘದ ಕಾರ್ಯದರ್ಶಿ ತಿಮ್ಮರಾಜು. ಅವನ ಕೆಲಸವೆಂದರೆ ಅನುಮಾನ. ಸುರಿದ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು, ಅದು ಎಷ್ಟು ಮುಳುಗಿತು ನೋಡಿ, ನೀರು ಬೆರೆತಿದೆಯೋ ಇಲ್ಲವೋ ಹೇಳಬೇಕು. ಬೆನ್ನು ಬಾಗಿದ ಮುದುಕಿ ಚಿಕ್ಕಬೋರಮ್ಮನ ಅರ್ಧ ಲೀಟರಿಗೂ ಅವನು ಅಳತೆ ಇಳಿಸದೆ ಬಿಟ್ಟವನಲ್ಲ. "ನನ್ ಅಸ ನೀರ್ ಕುಡಿಯದ್ನೂ ಬುಡ್ಸ್‌ಬೇಕಾ?" ಎಂದು ಅವಳು ದಿನವೂ ಬಯ್ಯುತ್ತಿದ್ದಳು, ಅವನೂ ನಗುತ್ತಿದ್ದ. ಇವತ್ತು ನಗು ಬರಲಿಲ್ಲ. ಅವಳ ಹಿಂದೆಯೇ ಚಿಕ್ಕಸ್ವಾಮಿಯ ಮನೆಯ ಕ್ಯಾನು ಬಂದಿತ್ತು. ತಿಮ್ಮರಾಜುವಿನ ಕೈ ಲ್ಯಾಕ್ಟೋಮೀಟರಿನ ಕಡೆ ಹೋಗದೆ ನೇರವಾಗಿ ಪೆನ್ನಿಗೆ ಹೋಯಿತು. ಇಪ್ಪತ್ತೆಂಟು, ಅಂದರೆ ನೀರು ಬೆರೆಸದ ಹಾಲು, ಎಂದು ಬರೆಯಿತು. ಎಂಟು ವರ್ಷದಿಂದ ಹಾಗೇ. ಚಿಕ್ಕಸ್ವಾಮಿ ಸಂಘದ ನಿರ್ದೇಶಕ, ಹೆಂಡತಿಯ ಅಣ್ಣ. ನೆಂಟನ ಹಾಲಿಗೆ ಅಳತೆ ಇಳಿಸಿದರೆ ನಾಳೆ ಯಾವ ಮುಖ ಇಟ್ಟುಕೊಂಡು ಹಬ್ಬದೂಟಕ್ಕೆ ಹೋಗುವುದು? ಆದರೆ ಆ ಹಾಲು ಎಂಥದ್ದು ಅಂತ ಅವನಿಗೆ ಬಣ್ಣದಲ್ಲೇ ಗೊತ್ತಿತ್ತು, ಕ್ಯಾನಿನಿಂದ ಬೀಳುವ ಸದ್ದಿನಲ್ಲೇ ಗೊತ್ತಿತ್ತು. ಇವತ್ತು ಆ ತೆಳ್ಳನೆಯ ಸದ್ದು ಕೇಳುತ್ತಲೇ ಅವನಿಗೆ ಮನೆಯ ಬಿರುಕು ನೆನಪಾಯಿತು. ಇದು ಗೊತ್ತಿದ್ದೂ ಇವನ ಕೈಗೆ ಸೂರು ಕೊಟ್ಟೆ. ಹಾಲಿನಲ್ಲಿ ನೀರಾದರೆ ಕುಡಿದವರು ಸಾಯುವುದಿಲ್ಲ.

ಆ ಇನ್ನೊಬ್ಬನ ಮೇಲೆ ಮಾತ್ರ ಅವನು ತನ್ನ ಅಳತೆಯನ್ನೆಲ್ಲ ಇಳಿಸಿದ್ದ. ಸಾದಿಕ್ ಶ್ರೀರಂಗಪಟ್ಟಣದ ಗಂಜಾಮಿನವನು, ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಪಾಂಡವಪುರದ ಮಹದೇವಸ್ವಾಮಿ ಮೇಷ್ಟ್ರು ನಂಬರು ಕೊಟ್ಟು, "ಟೈಲ್ಸು ಕೂದಲೆಳೆ ವಾರೆಯಾದ್ರೂ ಕಿತ್ತು ಇನ್ನೊಂದ್ಸಲ ಹಾಕ್ತಾನಪ್ಪ, ಕಣ್ಮುಚ್ಚಿ ಕೊಡು," ಅಂದಿದ್ದರು. ಕಣ್ಣು ಮುಚ್ಚುವುದು ತಿಮ್ಮರಾಜುವಿನ ಜಾಯಮಾನವಲ್ಲ. ಊರ ಮಾತು ಬೇರೆ ಕಿವಿಗೆ ಬೀಳುತ್ತಿತ್ತು. "ದೇವರ ಮನೆ ಮಗ್ಗುಲಲ್ಲೇ ಬುಟ್ಕೊಂಡಿದ್ದೀಯಲ್ಲೋ, ನಮ್ಮೋರ್ ಯಾರೂ ಸಿಗ್ನಿಲ್ವಾ?" ಎಂದು ಎದುರುಮನೆಯ ಮುದ್ದಯ್ಯ ಬೀಡಿ ಹಚ್ಚುತ್ತ ಕೇಳಿದ್ದ. ತಿಮ್ಮರಾಜು ನಕ್ಕುಬಿಟ್ಟಿದ್ದ. ಆ ನಗುವೇ ಅವನೊಳಗೆ ಕೂತು, ಮಾರನೆಯ ಬೆಳಗ್ಗೆ ಸಾದಿಕ್ ಬರುವ ಮೊದಲು, ಹಾಲಿನ ಮಾದರಿ ಬಾಟಲಿಗೆ ಗುರುತು ಹಾಕುವ ನೀಲಿ ಪೆನ್ಸಿಲಿನಿಂದ ಒಂದೊಂದು ಸಿಮೆಂಟ್ ಚೀಲದ ಮೂಲೆಗೂ ನಂಬರು ಬರೆಸಿತ್ತು. ಬಗ್ಗಿ, ಯಾರಿಗೂ ಕಾಣದ ಕಡೆ, ಸಣ್ಣದಾಗಿ. ಸಂಜೆ ನೋಡಿದರೆ ಕೊನೆಯ ಚೀಲ ಇಪ್ಪತ್ನಾಲ್ಕು. ತಂದದ್ದು ಇಪ್ಪತ್ತೈದು. ಅವನ ಎದೆಯಲ್ಲಿ ಹುಟ್ಟಿದ್ದು ಸಿಟ್ಟಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ, ಅದು ಒಂದು ಥರದ ಖುಷಿ, ಹಾಲಿನಲ್ಲಿ ನೀರು ಸಿಕ್ಕಿತು ಎನ್ನುವಂಥ ಖುಷಿ. ಮುದ್ದಯ್ಯ ಇದ್ದಾಗಲೇ ಕೇಳಿಬಿಟ್ಟಿದ್ದ: "ಸಾದಿಕ್, ಒಂದು ಚೀಲ ಎಲ್ಲಿಗೆ ಹೋಯ್ತು?"

ಸಾದಿಕ್ ಕೈ ಒರೆಸಿಕೊಂಡು ಎಲ್ಲ ಚೀಲಗಳನ್ನೂ ಒಂದೊಂದಾಗಿ ಹೊತ್ತು ತಂದು ಅಂಗಳದಲ್ಲಿ ಸಾಲಾಗಿ ಮಲಗಿಸಿದ. ಬರೆದ ಮೂಲೆಗಳು ಮೇಲಾಗಿರುವಂತೆ. ಅವನಿಗೆ ಆ ನಂಬರುಗಳು ಮೊದಲೇ ಕಂಡಿದ್ದವು ಅಂತ ಆಗ ಗೊತ್ತಾಯಿತು. ಆಮೇಲೆ ಎರಡು ಚೀಲಗಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಹದಿನೇಳು ಎರಡು ಸಲ ಬರೆದಿದ್ದೀರ ಸಾರ್," ಎಂದ. ಅಷ್ಟೇ. ಮುದ್ದಯ್ಯ ಕೆಮ್ಮಿದ. ಸಾದಿಕ್ ಕರಣಿ, ತೂಕದ ಗುಂಡು ತೊಳೆದು ಚೀಲಕ್ಕೆ ಹಾಕಿದ, ಸೂರಿಗೆ ಆನಿಸಿ ನಿಲ್ಲಿಸುವ ತನ್ನ ಕಬ್ಬಿಣದ ಜಾಕಿ ಕಂಬಗಳನ್ನು ಆಟೋಗೆ ಏರಿಸಿದ, ಮಂಚದ ಹತ್ತಿರ ಹೋಗಿ "ಬರ್ತೀನಿ ಅಮ್ಮಾ" ಅಂದ. ಬಾಗಿಲಲ್ಲಿ ನಿಂತಿದ್ದ ತಿಮ್ಮರಾಜುವಿಗೆ ಮಾತ್ರ ಇಷ್ಟು ಹೇಳಿದ: "ಯಾರ ಕೈಲಾದ್ರೂ ಮಾಡಿಸಿ. ಆ ಗೋಡೆ ಮಾತ್ರ ಹಂಗೇ ತೆಗೀಬೇಡಿ." ತಪ್ಪಾಯಿತಪ್ಪ ಅನ್ನಲು ಬಾಯಿ ತೆರೆದಿದ್ದ ತಿಮ್ಮರಾಜು. ಮುದ್ದಯ್ಯ ಇನ್ನೂ ಅಲ್ಲೇ ಇದ್ದ. ಬಾಯಿ ಮುಚ್ಚಿಕೊಂಡಿತು.

ಹಾಲಿನ ಲಾರಿ ಹೋದಮೇಲೆ ಅವನು ಮನೆಗೆ ಹೋಗಲಿಲ್ಲ. ಬೈಕನ್ನು ಪಾಂಡವಪುರದ ರಸ್ತೆಗೆ ತಿರುಗಿಸಿದಾಗಲೂ ಎಲ್ಲಿಗೆ ಎಂದು ತನಗೇ ಹೇಳಿಕೊಂಡಿರಲಿಲ್ಲ. ನಾಲೆಯ ಸೇತುವೆ ದಾಟುವಾಗ ಎದುರು ಬಂದ ಕಬ್ಬಿನ ಟ್ರಾಕ್ಟರು ಸೇತುವೆಯನ್ನೇ ಅಲುಗಿಸಿತು. ಆ ಅಲುಗಾಟ ಅವನ ಕಾಲಿನಿಂದ ಹತ್ತಿ ನಡುಮನೆಯ ಸೂರಿನವರೆಗೆ ಹೋಯಿತು. ಎಲ್ಲ ಕಟ್ಟಡಗಳೂ ಅವನಿಗೆ ಈಗ ಬೇರೆ ಥರ ಕಾಣುತ್ತಿದ್ದವು. ಕಲ್ಯಾಣಮಂಟಪದ ಚಾವಣಿಯ ಕೆಳಗೆ ಜನ ಎಷ್ಟು ಧೈರ್ಯವಾಗಿ ನಿಂತು ಮಾತಾಡುತ್ತಿದ್ದಾರೆ. ಸ್ಕೂಲಿನ ಮಕ್ಕಳು ಅಷ್ಟು ಕಾಂಕ್ರೀಟಿನ ಕೆಳಗೆ ಕೂತು ಮಗ್ಗಿ ಹೇಳುತ್ತಿದ್ದಾರೆ. ಯಾರೋ ಕಟ್ಟಿದ್ದು, ಯಾರನ್ನೋ ನಂಬಿದ್ದು. ಲೋಕವೆಲ್ಲ ಹೀಗೆ ಯಾರನ್ನೋ ನಂಬಿ ಮಲಗಿರುವಾಗ ತನಗೊಬ್ಬನಿಗೇ ಯಾಕೆ ಈ ಅಳತೆ ಕೋಲು? ಅದೂ ಸರಿಯಾದ ಕಡೆ ಇಳಿಯದ ಅಳತೆ ಕೋಲು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅಂತ ಅವ್ವ ಬಯ್ಯುತ್ತಾಳೆ. ಅವನಿಗೆ ಇದ್ದದ್ದು ಪ್ರೀತಿಯೂ ಅಲ್ಲ, ಬರೀ ಹೆದರಿಕೆ. ನೆಂಟರ ಹೆದರಿಕೆ, ನಿರ್ದೇಶಕನ ಹೆದರಿಕೆ, ಮುದ್ದಯ್ಯನ ಬೀಡಿಯ ಹೊಗೆಯ ಹೆದರಿಕೆ. ಈ ಹೊತ್ತಿನಲ್ಲೇ ಸೂರು ಬಿದ್ದರೆ? ಬೈಕ್ ನಿಲ್ಲಿಸಿ ಮನೆಗೆ ಫೋನ್ ಮಾಡಿದ. "ಏನಿಲ್ಲ, ಅವ್ವ ಏನ್ ಮಾಡ್ತಾವ್ಳೆ?" ಎಂದ. "ಮುದ್ದೆ ತಿಂತಾವ್ರೆ," ಎಂದಳು ರಂಜಿತ. ಆಮೇಲೆ ಸ್ವಲ್ಪ ತಡೆದು, "ಶ್ರೀರಂಗಪಟ್ಣುಕ್ಕೆ ಹೊಂಟಿದ್ರೆ ಬೇಗ ಓಗಿ," ಎಂದು ಇಟ್ಟಳು.

ಗಂಜಾಮಿನ ಓಣಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ತೆರೆದವಳು ಸಾದಿಕನ ತಾಯಿ ರೆಹಮತುನ್ನೀಸಾ. "ಕೌನ್ ಜೀ?" ಅಂದವಳು, ಅವನ ಹಣೆಯ ಕುಂಕುಮ ನೋಡಿ ಕನ್ನಡಕ್ಕೆ ತಿರುಗಿದಳು. "ಯಾರ್ ಬೇಕಪ್ಪಾ?" ತಿಮ್ಮರಾಜು ಹೆಸರು ಹೇಳಿದ. ಹೆಸರು ಅವಳಿಗೆ ಗೊತ್ತಿತ್ತು. ಅದು ಅವಳ ಮುಖದಲ್ಲಿ ಕಾಣಿಸಿತು, ಕಾಣಿಸಿ ಮರೆಯಾಯಿತು. "ನಿಮ್ ಅಮ್ಮ ಹೆಂಗವ್ರೆ? ಸೊಂಟ?" ಎಂದು ಕೇಳಿ ಕುರ್ಚಿ ಎಳೆದಳು. ಕಳ್ಳ ಎಂದು ಮಗನನ್ನು ಕೂಗಿದವನ ಮನೆಯ ಮುದುಕಿಯ ಸೊಂಟ ಇವಳಿಗೆ ನೆನಪಿದೆ. ತಿಮ್ಮರಾಜು ಕುರ್ಚಿಯ ಮೇಲೆ ಪೂರ್ತಿ ಕೂರಲಾಗದೆ ತುದಿಯಲ್ಲಿ ಕೂತ. ಸಾದಿಕ್ ಒಳಗಿನಿಂದ ಬಂದು ಗೋಡೆಗೊರಗಿ ನಿಂತ. ಬರುವಾಗ ಜೋಡಿಸಿಕೊಂಡಿದ್ದ ಮಾತೆಲ್ಲ ತಿಮ್ಮರಾಜುವಿಗೆ ಮರೆತುಹೋಗಿ, ಮೊಬೈಲಿನಲ್ಲಿ ತೆಗೆದಿದ್ದ ಬಿರುಕಿನ ಫೋಟೋವನ್ನು ಸುಮ್ಮನೆ ಮುಂದೆ ಹಿಡಿದ. ಸಾದಿಕ್ ನೋಡಿದ. ಬೆರಳಲ್ಲಿ ದೊಡ್ಡದು ಮಾಡಿ ನೋಡಿದ. "ಗೋಡೆ ತೆಗೆದ್ಬಿಟ್ರಾ?" ಎಂದ. "ಹ್ಞೂ." "ತೊಲೆ?" "ಇಲ್ಲ." "ಯಾ ಅಲ್ಲಾ," ಎಂದು ಉಸಿರು ಬಿಟ್ಟು, "ಅಮ್ಮನ ಮಂಚ ಎಲ್ಲೈತೆ?" ಎಂದ. ತಿಮ್ಮರಾಜು ಹೇಳುವ ಮೊದಲೇ ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ.

ಹನ್ನೊಂದೂವರೆಗೆ ಜಾಕಿ ಕಂಬಗಳನ್ನು ಹೇರಿಕೊಂಡ ಸಾದಿಕನ ಆಟೋ ಮನೆಯ ಮುಂದೆ ನಿಂತಿತು. ಸಾದಿಕ್ ಯಾರ ಮುಖವನ್ನೂ ನೋಡದೆ ಸೂರು ನೋಡಿದ, ಸ್ಟೂಲು ಹತ್ತಿ ಗೆಣ್ಣಿನಿಂದ ತಟ್ಟಿದ. ಒಂದು ಕಡೆ ಸದ್ದು ಗಟ್ಟಿ, ಇನ್ನೊಂದು ಕಡೆ ಪೊಳ್ಳು. ಆ ಪೊಳ್ಳು ಸದ್ದಿಗೆ ತಿಮ್ಮರಾಜು ಕಣ್ಣು ಮುಚ್ಚಿದ. ಮಂಚ ಬಾಗಿಲಲ್ಲಿ ಹಿಡಿಸುವುದಿಲ್ಲ, ಅವ್ವನನ್ನು ಎತ್ತಿದರೆ ಸೊಂಟಕ್ಕೆ ತೊಂದರೆ. ಹಾಗಾಗಿ ಮಂಚದ ಎರಡೂ ಪಕ್ಕಕ್ಕೆ ಹಲಗೆ ಹಾಸಿ, ಆರು ಜಾಕಿ ಕಂಬಗಳನ್ನು ನಿಲ್ಲಿಸಿ, ಮೇಲೆ ಅಡ್ಡಪಟ್ಟಿ ಕೊಟ್ಟು, ಒಂದೊಂದನ್ನೇ ತಿರುಗಿಸಿ ಬಿಗಿ ಮಾಡುತ್ತ ಹೋದ. ತಿಮ್ಮರಾಜು ಕಂಬ ಹಿಡಿದುಕೊಂಡ. ಕಬ್ಬಿಣ ಸೂರನ್ನು ಮುಟ್ಟಿದಾಗ ಬಂದ ಸಣ್ಣ ಕಿರುಗುಟ್ಟುವಿಕೆ ಅವನ ಹಲ್ಲಿನವರೆಗೂ ಹೋಯಿತು, ಆಮೇಲೆ ಹನ್ನೊಂದು ದಿನದಲ್ಲಿ ಮೊದಲ ಸಲ ಅವನು ಎದೆ ತುಂಬ ಉಸಿರೆಳೆದ. "ಮದ್ವೆ ಚಪ್ರ ಆಕ್ದಂಗೈತಲ್ಲಪ್ಪ," ಎಂದಳು ಪುಟ್ಟಗೌರಮ್ಮ. "ಗಂಡು ಯಾರು ಅಮ್ಮಾ?" ಎಂದ ಸಾದಿಕ್. ಮುದುಕಿ ಸೊಂಟ ಹಿಡಿದುಕೊಂಡು ನಕ್ಕಳು. "ಸೋಮವಾರ ತೊಲೆ ತರ್ತೀನಿ ಸಾರ್," ಎಂದ, ಈಗಲೂ ತಿಮ್ಮರಾಜುವಿನ ಮುಖ ನೋಡದೆ. "ಅಲ್ಲೀವರೆಗೂ ಇವನ್ನ ಯಾರೂ ಮುಟ್ಟಬಾರದು." ರಂಜಿತ ಲೋಟದಲ್ಲಿ ಮಜ್ಜಿಗೆ ತಂದಳು. ತಪ್ಪಾಯಿತು ಅಂತ ಈಗ ಹೇಳಬೇಕು ಎಂದುಕೊಂಡ ತಿಮ್ಮರಾಜು. ಅವನು ಮಜ್ಜಿಗೆ ಕುಡಿದು ಲೋಟ ಇಡಲಿ, ಹೇಳುತ್ತೇನೆ.

ಲೋಟ ಇಡುವ ಮೊದಲು ಹೊರಗೆ ಬೈಕಿನ ಸದ್ದಾಯಿತು. ಚಿಕ್ಕಸ್ವಾಮಿ, ಹಿಂದಿನಿಂದ ಮುದ್ದಯ್ಯ. ಹೊಸಲಿನಲ್ಲೇ ನಿಂತ ಚಿಕ್ಕಸ್ವಾಮಿ ಕಂಬಗಳನ್ನು ಒಂದೊಂದಾಗಿ ನೋಡಿ, ಸಾದಿಕನನ್ನು ನೋಡಿ, ಕೊನೆಗೆ ಭಾವನ ಕಡೆ ತಿರುಗಿದ. "ಇವ್ನ ಯಾರ್ ಕರ್ದದ್ದು?" ಕೇಳಿದ್ದು ಮೆಲ್ಲಗೇ. ಅವನನ್ನು ಬಿಟ್ಟು ಅಲ್ಲಿ ಐದು ಜನರಿದ್ದರು, ಎಲ್ಲರೂ ತಿಮ್ಮರಾಜುವಿನ ಬಾಯನ್ನೇ ನೋಡುತ್ತಿದ್ದರು. ಸಂಘದ ಮೀಟಿಂಗು, ರೆಜಿಸ್ಟರಿನ ಇಪ್ಪತ್ತೆಂಟುಗಳು, ನಾಳೆ ಡೈರಿಯ ಮುಂದೆ ಮುದ್ದಯ್ಯ ಆಡಬಹುದಾದ ಮಾತು, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಸೂರಿನ ಭಯ ದೊಡ್ಡದೆಂದು ಇಷ್ಟು ದಿನ ತಿಳಿದಿದ್ದ. ಅದಕ್ಕಿಂತ ದೊಡ್ಡದೊಂದು ಇಲ್ಲಿ ಹೊಸಲಲ್ಲಿ ಗರಿಗರಿ ಇಸ್ತ್ರಿಯ ಶರ್ಟು ಹಾಕಿಕೊಂಡು ನಿಂತಿತ್ತು. "ನಾನೆಲ್ ಕರೀಲಿ," ಎಂದಿತು ಅವನ ಬಾಯಿ. "ಅವ್ನೇ ಬಂದ. ಏನೋ ಸಾಮಾನ್ ಮರ್ತೋಗಿದ್ನಂತೆ." ಸದ್ದು ಹೊರಬಿದ್ದಮೇಲೆ ಅದನ್ನು ಹಿಡಿದು ಒಳಗೆ ಎಳೆದುಕೊಳ್ಳುವ ಹಾಗಿದ್ದರೆ ಕೈ ಹಾಕಿ ಎಳೆದುಕೊಳ್ಳುತ್ತಿದ್ದ. ರಂಜಿತ ನೆಲ ನೋಡಿದಳು.

ಸಾದಿಕ್ ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟ. "ಹೌದು," ಎಂದ ಚಿಕ್ಕಸ್ವಾಮಿಗೆ. "ನಾನೇ ಬಂದೆ." ಕರಣಿಯನ್ನಾಗಲಿ ಇನ್ನೊಂದನ್ನಾಗಲಿ ಹುಡುಕುವ ನಟನೆ ಮಾಡಲಿಲ್ಲ. ಬರಿಗೈಯಲ್ಲಿ ಇಬ್ಬರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದ. ಆಟೋ ಸ್ಟಾರ್ಟಾಯಿತು, ಓಣಿಯಲ್ಲಿ ತಿರುಗಿಕೊಳ್ಳಲು ಎರಡು ಸಲ ಹಿಂದೆ ಮುಂದೆ ಆಯಿತು. ಆ ಎರಡು ಸಲವೂ ತಿಮ್ಮರಾಜುವಿಗೆ ಓಡಿಹೋಗಿ ನಿಲ್ಲಿಸುವಷ್ಟು ಹೊತ್ತಿತ್ತು. ಸದ್ದು ರಸ್ತೆಯ ಕಡೆ ಹೋಗಿ ಕರಗಿತು.

"ಅಂಗಾದ್ರೆ ಈ ದರಿದ್ರುದ ಕಂಬ ಯಾಕ್ ಬುಟ್ಟೋದ? ಬಾಡಿಗೆ ಕೇಳಕ್ಕೆ ಬತ್ತನಾ ನಾಳೆ?" ಎಂದು ಚಿಕ್ಕಸ್ವಾಮಿ ಒಳಗೆ ಬಂದ. "ಅತ್ತೆ ಬಚ್ಲುಗೆ ಓಗದೆಂಗೆ? ಮನೆಯಾ ಇದು, ಸಂತೆ ಮಾಳವಾ?" ತಲೆಯ ಕಡೆಯ ಕಂಬಕ್ಕೆ ಕೈ ಹಾಕಿ ಹಿಡಿಕೆಯನ್ನು ತಿರುಗಿಸಿದ. ತಿಮ್ಮರಾಜು ನೋಡುತ್ತಿದ್ದ. ಅವನೇ ಬಂದ ಎಂದವನು ಈಗ ಇದನ್ನು ಬಿಡು ಎಂದು ಯಾವ ಬಾಯಲ್ಲಿ ಹೇಳಬೇಕು? ಸಾಮಾನು ಮರೆತು ಬಂದವನ ಕಂಬ. ತೆಗೆಯಬೇಡ ಅನ್ನುವುದಕ್ಕೆ ಕಾರಣ ಹೇಳಿದರೆ ಎಲ್ಲವನ್ನೂ ಹೇಳಬೇಕು. ಹಿಡಿಕೆ ಅರ್ಧ ಸುತ್ತು ತಿರುಗಿತು, ಇನ್ನರ್ಧ ತಿರುಗಿತು. ಮೇಲೆ ಏನೋ ಟಕ್ಕೆಂದಿತು. ಬಿಳಿ ಪುಡಿ ಸಣ್ಣಗೆ ಉದುರಿ ಪುಟ್ಟಗೌರಮ್ಮನ ಕಂಬಳಿಯ ಮೇಲೆ, ರೆಪ್ಪೆಯ ಮೇಲೆ ಬಿತ್ತು. ಮುದುಕಿ ಕೂಗಲಿಲ್ಲ. ಕಣ್ಣು ಮಿಟುಕಿಸದೆ ಮೇಲೆ ನೋಡುತ್ತ, ಎರಡೂ ಕೈಯಲ್ಲಿ ಮಂಚದ ಅಂಚು ಹಿಡಿದುಕೊಂಡಳು, ಅಷ್ಟೇ.

"ಮುಟ್ಬ್ಯಾಡ!" ತನ್ನ ಧ್ವನಿ ಅಷ್ಟು ಜೋರು ಎಂದು ತಿಮ್ಮರಾಜುವಿಗೇ ಗೊತ್ತಿರಲಿಲ್ಲ. ಚಿಕ್ಕಸ್ವಾಮಿಯ ಮಣಿಕಟ್ಟನ್ನು ಹಿಡಿದು, ಬಿಡಿಸಿ, ಹಿಡಿಕೆಯನ್ನು ತಾನೇ ಮತ್ತೆ ಬಿಗಿಮಾಡಿದ. ಅಂಗೈಯ ಚರ್ಮ ಸುಲಿಯುವಷ್ಟು ಬಿಗಿಮಾಡಿದ. "ನಾನೇ ಓಗಿ ಕರ್ಕೊಂಡ್ಬಂದೆ. ಅವನ ಮನೆಗೋಗಿ, ಅವನ ಮುಂದೆ ನಿಂತು ಕರ್ಕೊಂಡ್ಬಂದೆ. ನೀನು ತೆಗ್ದ ಗೋಡೆ ಭಾರದ ಗೋಡೆ ಕಣ್ಲಾ. ನಂಗೂ ಗೊತ್ತಿತ್ತು. ಗೊತ್ತಿದ್ದೂ ತೆಗಿಯಕ್ಕೆ ಬುಟ್ಟೆ." ಚಿಕ್ಕಸ್ವಾಮಿಯ ಮುಖ ಕೆಂಪಾಯಿತು. "ಮೀಟಿಂಗ್‌ನಲ್ಲಿ ಮಾತಾಡನ ಬುಡು ಬಾವ," ಎಂದು ಹೇಳಿ ಹೊರಟ. ಮುದ್ದಯ್ಯ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಹಿಂದೆಯೇ ಹೋದ. ತಿಮ್ಮರಾಜುವಿಗೆ ಗೆದ್ದೆ ಅನ್ನಿಸಲಿಲ್ಲ. ಹೇಳಬೇಕಾದ ಮಾತನ್ನು ಎಲ್ಲರಿಗೂ ಹೇಳಿದ್ದ, ಒಬ್ಬನಿಗೆ ಬಿಟ್ಟು.

ರಂಜಿತ ಒದ್ದೆ ಬಟ್ಟೆ ತಂದು ಅತ್ತೆಯ ಮುಖ ಒರೆಸತೊಡಗಿದಳು. "ಅವನೆದ್ರಿಗೆ ಯೋಳ್ಬೇಕಿತ್ತು," ಎಂದಳು, ಗಂಡನಿಗೋ ಬಟ್ಟೆಗೋ. "ಪೋನ್ ಮಾಡು ಕಣ್ಲಾ," ಎಂದಳು ಪುಟ್ಟಗೌರಮ್ಮ. "ಈಗ್ಲೇ ಮಾಡು. ನಾಳೆ ಅಂದ್ರೆ ನೀನು ಮಾಡಾಕಿಲ್ಲ." ಅವ್ವನಿಗೆ ಮಗನ ಗುಟ್ಟೆಲ್ಲ ಗೊತ್ತು. ತಿಮ್ಮರಾಜು ಅಂಗಳಕ್ಕೆ ಹೋಗಲು ಹೊರಟವನು, ಹೋಗದೆ ಅಲ್ಲೇ, ಕಂಬಗಳ ನಡುವೆಯೇ ನಿಂತು ನಂಬರು ಒತ್ತಿದ. ಮೂರು ಸಲ ರಿಂಗಾಯಿತು.

"ಸಾರ್, ಏನಾಯ್ತು? ಸೂರು ಬಿತ್ತಾ?" ಅತ್ತಲಿಂದ ಸಾದಿಕನ ದನಿ ಕೂಗಿದ ಹಾಗೇ ಬಂತು. "ಅಮ್ಮ? ಅಮ್ಮ ಹೆಂಗವ್ರೆ?" ಆಟೋ ನಿಂತ ಸದ್ದು ಕೇಳಿಸಿತು. ಇಷ್ಟು ದಿನ ತಾನೊಬ್ಬನೇ ಹೊತ್ತಿದ್ದ ಭಯ ಇನ್ನೊಬ್ಬನ ಗಂಟಲಿನಿಂದ ಬರುವುದನ್ನು ತಿಮ್ಮರಾಜು ಕೇಳಿದ. "ಇಲ್ಲ, ಇಲ್ಲ," ಎಂದ. "ಏನೂ ಆಗಿಲ್ಲ. ಅವ್ವ ಉಸಾರಾಗವ್ಳೆ." ಅತ್ತ ದೊಡ್ಡದೊಂದು ಉಸಿರು. "ಮತ್ತೆ ಯಾಕ್ ಮಾಡಿದ್ರಿ?"

"ನಾನೇ ಕರ್ದಿದ್ದು ಅಂತ ಯೋಳ್ದೆ ಸಾದಿಕ್," ಎಂದ ತಿಮ್ಮರಾಜು. "ಚಿಕ್ಕಸ್ವಾಮಿಗೆ, ಎಲ್ಲಾರ್ಗೂ ಯೋಳ್ದೆ. ಆವತ್ತು ಸಿಮೆಂಟ್ ಚೀಲದ್ ವಿಷ್ಯದಲ್ಲೂ ನಂದೇ ತಪ್ಪು. ತಪ್ಪಾಯ್ತು."

ಅತ್ತ ಬಸ್ಸೊಂದು ಹಾರನ್ ಹೊಡೆದು ಹೋಯಿತು.

"ನಾನಿದ್ದಾಗ ಹೇಳ್ಲಿಲ್ವಲ್ಲ ಸಾರ್," ಎಂದ ಸಾದಿಕ್. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಿಮ್ಮರಾಜು ಅದನ್ನು ಹಿಡಿದುಕೊಂಡು ಇನ್ನೆರಡು ಮಾತಾಡುತ್ತಿದ್ದ. ಆಮೇಲೆ ಸಾದಿಕ್ ಎಂದಿನ ಕೆಲಸದ ದನಿಯಲ್ಲಿ ಹೇಳಿದ: "ಕಂಬ ದಿನಾ ಒಂದ್ಸಲ ಕೈಯಲ್ಲಿ ತಟ್ಟಿ ನೋಡಿ. ಸಡಿಲ ಅನ್ಸಿದ್ರೆ ಕಾಲು ಸುತ್ತು ಬಿಗಿ ಮಾಡಿ, ಜಾಸ್ತಿ ಮಾಡ್ಬೇಡಿ. ಅಮ್ಮಂಗೆ ಸಲಾಂ ಹೇಳಿ." ಫೋನು ನಿಂತಿತು.

"ಏನಂದ್ನಲಾ?" ಎಂದು ಕೇಳಿದಳು ಅವ್ವ. ತಿಮ್ಮರಾಜು ತಲೆಯ ಕಡೆಯ ಕಂಬವನ್ನು ತಟ್ಟಿ ನೋಡಿದ, ಕಾಲಿನ ಕಡೆಯದನ್ನೂ ತಟ್ಟಿದ. ಎರಡೂ ಬಿಗಿಯಾಗಿದ್ದವು. ಸೋಮವಾರ ತೊಲೆ ತಗೊಂಡು ಬರುತ್ತೀಯಾ ಎಂದು ಕೇಳಬೇಕಿತ್ತು. ಮತ್ತೆ ನಂಬರು ಒತ್ತಿ ಕೇಳುವ ಧೈರ್ಯ ಅವನಿಗೆ ಬರಲಿಲ್ಲ.